ಬೇಸ್ ಗಿಟಾರ್ ಸ್ಕೇಲ್ ಕಲಿಸುವ ಫ್ರೆಟ್‌ಬೋರ್ಡ್ ಕಟ್ಟುವುದು ಹೇಗೆ?

ಪ್ರಶ್ನೆ: ವಾದ್ಯಗೋಷ್ಠಿಯೊಂದರಲ್ಲಿ ನಾಲ್ಕು ವರ್ಷಗಳಿಂದ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ಹಗಲಿನ ಉದ್ಯೋಗ ಜಾಲತಾಣಗಳ ಪ್ರೋಗ್ರಾಮಿಂಗ್. ಈಗ ಇಬ್ಬರು ಹುಡುಗರು ನನ್ನ ಬಳಿ ಬೇಸ್ ಕಲಿಯಲು ಬರುತ್ತಿದ್ದಾರೆ. ಅವರಲ್ಲಿ ಒಬ್ಬನಿಗೆ ಕರ್ನಾಟಕ ಸಂಗೀತದ ಪಾಠವಾಗಿದೆ. ಇವರಿಗಾಗಿ ಬ್ರೌಸರ್‌ನಲ್ಲೇ ತೆರೆದುಕೊಳ್ಳುವ ಒಂದು ಫ್ರೆಟ್‌ಬೋರ್ಡ್ (ತಂತಿಗಳ ಕೆಳಗೆ ಫ್ರೆಟ್ ಎಂಬ ಅಡ್ಡಪಟ್ಟಿಗಳಿರುವ ಫಲಕ) ಮಾಡಲು ಹೊರಟಿದ್ದೇನೆ. ಸ್ಕೇಲ್ ಆರಿಸಿದರೆ ಅದರ ಸ್ವರಗಳೆಲ್ಲ ತಂತಿಗಳ ಮೇಲೆ ಬೆಳಗಬೇಕು. ಒಂದೊಂದು ಸ್ಕೇಲಿಗೂ ಚಿತ್ರ ಬರೆಯುತ್ತ ಮೂವತ್ತಕ್ಕೇ ಸೋತಿದ್ದೇನೆ. ಧ್ವನಿ ಸೇರಿಸಿದರೆ ಇ ತಂತಿಯ ಸ್ವರಗಳು ಮೊಬೈಲಿನಲ್ಲಿ ಕೇಳಿಸುವುದೇ ಇಲ್ಲ. ಕರ್ನಾಟಕ ಸಂಗೀತದ ಎಪ್ಪತ್ತೆರಡು ಮೂಲರಾಗಗಳಾದ ಮೇಳಕರ್ತ ರಾಗಗಳನ್ನೂ ಸೇರಿಸಬಹುದೇ? ಹುಡುಗರು ನುಡಿಸಿದ್ದು ಸರಿಯೋ ತಪ್ಪೋ ಎಂದು ಮೈಕಿನಿಂದ ಕೇಳಿ ಹೇಳುವಂತೆ ಮಾಡಬಹುದೇ?

ಉತ್ತರ: ಚಿತ್ರ ಬರೆಯುವುದನ್ನು ಇವತ್ತೇ ನಿಲ್ಲಿಸಿ. ಬರೆದದ್ದು ವ್ಯರ್ಥವಾಯಿತೆಂದು ಕೊರಗಬೇಡಿ, ಲೆಕ್ಕದಿಂದ ಬಂದ ಚಿತ್ರ ಸರಿಯಿದೆಯೇ ಎಂದು ತಾಳೆ ನೋಡಲು ಆ ಮೂವತ್ತೂ ಬೇಕಾಗುತ್ತವೆ. ಫ್ರೆಟ್‌ಬೋರ್ಡಿನ ಯಾವ ಸ್ವರವನ್ನೂ ಬರೆದಿಡುವ ಅಗತ್ಯವಿಲ್ಲ. ಒಂದು ಕೂಡುವ ಲೆಕ್ಕ, ಒಂದು ಭಾಗಾಕಾರದ ಶೇಷ, ಇಷ್ಟರಲ್ಲೇ ಇಡೀ ಫಲಕ ಹುಟ್ಟುತ್ತದೆ. ಅದನ್ನು ಒಂದು ಸಂಜೆಯಲ್ಲಿ ಮುಗಿಸಬಹುದು. ನಿಮ್ಮ ಉಳಿದ ದುಡಿಮೆಯೆಲ್ಲ ಹೋಗಬೇಕಾದದ್ದು ಫಲಕದ ಮೇಲೆ ಯಾವಾಗ ಏನನ್ನು ಮುಚ್ಚಿಡಬೇಕು ಎಂಬುದನ್ನು ನಿರ್ಧರಿಸುವುದಕ್ಕೆ. ಸ್ಕೇಲಿನ ಸ್ವರಗಳೆಲ್ಲ ಬೆಳಗಬೇಕು ಎಂದಿದ್ದೀರಿ. ನನ್ನ ಭಿನ್ನಾಭಿಪ್ರಾಯ ಇರುವುದು ಅಲ್ಲೇ. ಮೊದಲು ಲೆಕ್ಕ ಮುಗಿಸಿ ಅದಕ್ಕೆ ಬರುತ್ತೇನೆ.

ವಾದ್ಯಗಳೂ ಕಂಪ್ಯೂಟರುಗಳೂ ಸ್ವರಗಳನ್ನು ಹಂಚಿಕೊಳ್ಳುವ ಮಿಡಿ ಪದ್ಧತಿಯಲ್ಲಿ ಪ್ರತಿ ಸ್ವರಕ್ಕೂ ಒಂದು ಸಂಖ್ಯೆಯಿದೆ, ಒಂದು ಫ್ರೆಟ್ ಮುಂದೆ ಹೋದರೆ ಸಂಖ್ಯೆ ಒಂದು ಹೆಚ್ಚುತ್ತದೆ. ನಾಲ್ಕು ತಂತಿಯ ಬೇಸಿನಲ್ಲಿ ಬಿಟ್ಟ ತಂತಿಗಳ, ಅಂದರೆ ಬೆರಳೊತ್ತದೆ ಮೀಟುವ ತಂತಿಗಳ, ಸಂಖ್ಯೆಗಳು ಹೀಗಿವೆ: ಇ 28, ಎ 33, ಡಿ 38, ಜಿ 43. ಐದು ತಂತಿಯದಾದರೆ ಕೆಳಗಿನ ಬಿ 23. ಎ ತಂತಿಯ ಮೂರನೆಯ ಫ್ರೆಟ್ ಬೇಕೇ? 33ಕ್ಕೆ 3 ಕೂಡಿಸಿ, 36 ಬಂತು. 12ರಿಂದ ಭಾಗಿಸಿದರೆ ಶೇಷ 0. ಸಿ ಸ್ವರವನ್ನು 0 ಎಂದು ಹಿಡಿದು ಬಿ ಸ್ವರದ 11ರವರೆಗೆ ಎಣಿಸುವುದರಿಂದ ಅದು ಸಿ. ಸ್ಕೇಲ್ ಎಂದರೆ ಒಂದು ಸಂಖ್ಯಾಪಟ್ಟಿ, ಅಷ್ಟೆ. ಮೇಜರ್‌ಗೆ 0, 2, 4, 5, 7, 9, 11. ಮೈನರ್ ಪೆಂಟಾಟೋನಿಕ್‌ಗೆ 0, 3, 5, 7, 10. ಫಲಕದ ಪ್ರತಿ ಬಿಂದುವಿನ ಸಂಖ್ಯೆಯಿಂದ ರೂಟ್ ಸ್ವರದ (ಸ್ಕೇಲ್ ಹೊರಡುವ ಮೊದಲ ಸ್ವರದ) ಸಂಖ್ಯೆಯನ್ನು ಕಳೆದು, 12ರ ಶೇಷ ತೆಗೆದು, ಅದು ಪಟ್ಟಿಯಲ್ಲಿದೆಯೇ ಎಂದು ನೋಡಿ. ಇದ್ದರೆ ಆ ಬಿಂದು ಸ್ಕೇಲಿನದು. ಇಪ್ಪತ್ತು ಫ್ರೆಟ್‌ಗಳಿಗೆ ಬಿಟ್ಟ ತಂತಿಗಳೂ ಸೇರಿ ಒಟ್ಟು 84 ಬಿಂದುಗಳು. ಕಂಪ್ಯೂಟರಿಗೆ ಇದು ಕಣ್ಣು ಮಿಟುಕಿಸುವಷ್ಟು ಕೆಲಸವೂ ಅಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಜಾವಾಸ್ಕ್ರಿಪ್ಟಿನಲ್ಲಿ ಋಣಸಂಖ್ಯೆಯ ಶೇಷವೂ ಋಣವಾಗಿಯೇ ಬರುತ್ತದೆ. 0ಯಿಂದ 7 ಕಳೆದು 12ರ ಶೇಷ ಕೇಳಿದರೆ ನಿಮಗೆ ಬೇಕಾದ 5 ಬರುವುದಿಲ್ಲ, ಋಣ 7 ಬರುತ್ತದೆ. ಆಗ ಕೆಲವು ಸ್ಕೇಲ್‌ಗಳಲ್ಲಿ ಮಾತ್ರ, ಕೆಲವು ತಂತಿಗಳಲ್ಲಿ ಮಾತ್ರ ಸ್ವರಗಳು ಮಾಯವಾಗಿ, ತಪ್ಪು ಎಲ್ಲಿದೆ ಎಂದು ಹುಡುಕುತ್ತ ಕೂರಬೇಕಾಗುತ್ತದೆ. ಶೇಷ ತೆಗೆದ ಮೇಲೆ 12 ಕೂಡಿಸಿ, ಮತ್ತೊಮ್ಮೆ ಶೇಷ ತೆಗೆಯುವುದನ್ನು ಒಂದು ಪುಟ್ಟ ಫಂಕ್ಷನ್ ಮಾಡಿಕೊಂಡು ಎಲ್ಲ ಕಡೆಯೂ ಅದನ್ನೇ ಬಳಸಿ.

ಈ ಲೆಕ್ಕ ಬೇಸ್‌ಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂಬುದನ್ನು ಹುಡುಗರಿಗೂ ತೋರಿಸಿ. ಮೇಲಿನ ಸಂಖ್ಯೆಗಳನ್ನು ನೋಡಿ: 28, 33, 38, 43. ಪ್ರತಿ ತಂತಿಗೂ ಮುಂದಿನದಕ್ಕೂ ಸರಿಯಾಗಿ ಐದರ ಅಂತರ. ಆರು ತಂತಿಯ ಗಿಟಾರಿನಲ್ಲಿ ಜಿ ಮತ್ತು ಬಿ ತಂತಿಗಳ ನಡುವೆ ಈ ಅಂತರ ನಾಲ್ಕಕ್ಕೆ ಇಳಿಯುತ್ತದೆ. ಆದ್ದರಿಂದ ಅಲ್ಲಿ ಪ್ರತಿ ಸ್ಕೇಲಿನ ಆಕಾರವೂ ಆ ಜಾಗದಲ್ಲಿ ಮುರಿಯುತ್ತದೆ. ಬೇಸಿನಲ್ಲಿ ಮುರಿಯುವುದೇ ಇಲ್ಲ. ಇ ತಂತಿಯ ಮೂರನೆಯ ಫ್ರೆಟ್‌ನಿಂದ ಜಿ ಮೇಜರ್ ನುಡಿಸಿ ನೋಡಿ: ಇ ತಂತಿಯಲ್ಲಿ 3 ಮತ್ತು 5, ಎ ತಂತಿಯಲ್ಲಿ 2, 3, 5, ಡಿ ತಂತಿಯಲ್ಲಿ 2, 4, 5. ಎರಡನೆಯ ಫ್ರೆಟ್‌ನಿಂದ ಐದನೆಯದರವರೆಗೆ, ನಾಲ್ಕು ಫ್ರೆಟ್, ನಾಲ್ಕು ಬೆರಳು. ಕೈ ಕದಲದೆ ಒಂದು ಸ್ಥಾಯಿ ಮುಗಿಯಿತು. ಇದೇ ಆಕಾರವನ್ನು ಎರಡು ಫ್ರೆಟ್ ಮೇಲಕ್ಕೆ ಸರಿಸಿದರೆ ಎ ಮೇಜರ್, ಒಂದು ತಂತಿ ಪಕ್ಕಕ್ಕೆ ಸರಿಸಿದರೆ ಸಿ ಮೇಜರ್. ಬೇರೆಬೇರೆ ರೂಟ್‌ಗಳ ಪಟ್ಟಿ ಕೊಟ್ಟು ಆರಿಸಲು ಹೇಳುವುದಕ್ಕಿಂತ, ರೂಟ್ ಬಿಂದುವನ್ನು ಬೆರಳಿನಿಂದ ಎಳೆದಾಗ ಇಡೀ ಆಕಾರ ಹಾಗೆಯೇ ಜಾರುವಂತೆ ಮಾಡಿ. ಹನ್ನೆರಡು ಸ್ಕೇಲ್ ಕಲಿಯಬೇಕು ಎಂದು ಹೆದರಿದ್ದ ಹುಡುಗನಿಗೆ, ಕಲಿಯಬೇಕಾದದ್ದು ಒಂದೇ ಎಂದು ಆ ಕ್ಷಣದಲ್ಲಿ ತಿಳಿಯುತ್ತದೆ. ವಾದ್ಯಗೋಷ್ಠಿಯಲ್ಲಿರುವ ನಿಮಗೆ ಇದರ ಬೆಲೆ ಹೇಳಬೇಕಾಗಿಲ್ಲ. ವೇದಿಕೆ ಹತ್ತುವ ಐದು ನಿಮಿಷ ಮುಂಚೆ ಗಾಯಕಿ ಶ್ರುತಿ ಒಂದೂವರೆ ಮನೆ ಇಳಿಸಬೇಕು ಎಂದರೆ ಕೀಬೋರ್ಡಿನವರು ಒಂದು ಗುಂಡಿ ಒತ್ತುತ್ತಾರೆ, ಬೇಸಿನವರು ಕೈಯನ್ನೇ ಸರಿಸಬೇಕು.

ಇನ್ನು ಸ್ವರಗಳ ಹೆಸರು. ನಾನು ನೋಡಿದ ಅನೇಕ ಸಾಧನಗಳು ಇಲ್ಲೇ ಎಡವಿವೆ. 10ನೆಯ ಸಂಖ್ಯೆಗೆ ಎ ಶಾರ್ಪ್ ಎಂದು ಖಾಯಂ ಹೆಸರು ಕೊಟ್ಟುಬಿಟ್ಟರೆ, ಎಫ್ ಮೇಜರ್ ಆರಿಸಿದಾಗ ಎಫ್, ಜಿ, ಎ, ಎ ಶಾರ್ಪ್, ಸಿ ಎಂದು ತೋರಿಸುತ್ತದೆ. ಎ ಎರಡು ಸಲ ಬಂತು, ಬಿ ಬರಲೇ ಇಲ್ಲ. ಏಳು ಸ್ವರದ ಸ್ಕೇಲಿನಲ್ಲಿ ಪ್ರತಿ ಅಕ್ಷರವೂ ಒಂದೇ ಸಲ ಬರಬೇಕು, ಅಲ್ಲಿ ಬರಬೇಕಾದದ್ದು ಬಿ ಫ್ಲಾಟ್. ಇದನ್ನೂ ಲೆಕ್ಕದಿಂದಲೇ ಮಾಡಬಹುದು. ರೂಟ್‌ನ ಅಕ್ಷರದಿಂದ ಹೊರಟು ಒಂದೊಂದೇ ಅಕ್ಷರ ಮುಂದೆ ಹೋಗಿ. ಆ ಅಕ್ಷರದ ಸಹಜ ಸಂಖ್ಯೆಗೂ ನಿಮಗೆ ಬೇಕಾದ ಸಂಖ್ಯೆಗೂ ಇರುವ ವ್ಯತ್ಯಾಸವನ್ನು ನೋಡಿ. ಬಿ ಸಹಜವಾಗಿ 11, ಬೇಕಾದದ್ದು 10, ಒಂದು ಕಡಿಮೆ, ಆದ್ದರಿಂದ ಫ್ಲಾಟ್. ಮೇಜರ್ ಸ್ಕೇಲಿನಲ್ಲಿ ವ್ಯತ್ಯಾಸ ಎರಡು ಬಂದರೆ ರೂಟ್‌ನ ಹೆಸರನ್ನೇ ತಪ್ಪಾಗಿ ಆರಿಸಿದ್ದೀರಿ ಎಂದರ್ಥ. ಜಿ ಶಾರ್ಪ್ ಮೇಜರ್ ಕೇಳಿದರೆ ಕೊನೆಯ ಸ್ವರಕ್ಕೆ ಡಬಲ್ ಶಾರ್ಪ್ ಹಾಕಬೇಕಾಗುತ್ತದೆ, ಅದನ್ನೇ ಎ ಫ್ಲಾಟ್ ಮೇಜರ್ ಎಂದು ಬರೆದರೆ ಎಲ್ಲವೂ ಸರಿಹೋಗುತ್ತದೆ. ಮುಖ್ಯವಾದ ಮಾತೆಂದರೆ, ಸ್ವರದ ಸ್ಥಾನ ಒಂದು ಕಡೆ ಇರಲಿ, ಹೆಸರು ಇನ್ನೊಂದು ಕಡೆ ಇರಲಿ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆಸೆದರೆ ಮುಂದೆ ಬಿಡಿಸಲಾಗದು.

ಕರ್ನಾಟಕ ಸಂಗೀತ ಕಲಿತ ನಿಮ್ಮ ಹುಡುಗನಿಗೆ ಈ ಮಾತು ಹೊಸದೇನಲ್ಲ. ಹನ್ನೆರಡು ಸ್ವರಸ್ಥಾನ, ಹದಿನಾರು ಹೆಸರು ಎಂದು ಅವನು ಪಾಠದಲ್ಲೇ ಕೇಳಿರುತ್ತಾನೆ. ಚತುಃಶ್ರುತಿ ರಿಷಭ ಮತ್ತು ಶುದ್ಧ ಗಾಂಧಾರ ಒಂದೇ ಜಾಗ. ಷಟ್‌ಶ್ರುತಿ ರಿಷಭ ಮತ್ತು ಸಾಧಾರಣ ಗಾಂಧಾರ ಒಂದೇ ಜಾಗ. ಎ ಶಾರ್ಪ್, ಬಿ ಫ್ಲಾಟ್ ಸಮಸ್ಯೆಯೂ ಇದೇ. ಹೆಸರು ಮತ್ತು ಸ್ಥಾನವನ್ನು ನೀವು ಬೇರ್ಪಡಿಸಿಟ್ಟಿದ್ದರೆ ಸ್ವರಗಳನ್ನು ಸರಿಗಮದಲ್ಲಿ ತೋರಿಸಲು ಬೇಕಾದದ್ದು ಇನ್ನೊಂದು ಹೆಸರುಪಟ್ಟಿ ಮಾತ್ರ. ಆ ಹುಡುಗನಿಗೆ ವೀಣೆಯ ಪರಿಚಯವಿದ್ದರೆ ಇನ್ನೂ ಅನುಕೂಲ. ಮೇಣದ ಮೇಲೆ ಕೂರಿಸಿದ ಇಪ್ಪತ್ತನಾಲ್ಕು ಮೆಟ್ಟಿಲುಗಳಲ್ಲಿ ಒಂದೊಂದು ತಂತಿಗೂ ಎರಡು ಸ್ಥಾಯಿ ಇರುವಂತೆ, ಇಪ್ಪತ್ತನಾಲ್ಕು ಫ್ರೆಟ್‌ನ ಬೇಸಿನಲ್ಲೂ ಒಂದೊಂದು ತಂತಿಗೆ ಎರಡು ಸ್ಥಾಯಿಯೇ.

ಎಪ್ಪತ್ತೆರಡು ಮೇಳಗಳನ್ನು ಸೇರಿಸಬಹುದೇ ಎಂದಿರಿ. ಸೇರಿಸಲೇಬೇಕು, ಅದೂ ಒಂದನ್ನೂ ಕೈಯಿಂದ ಬರೆಯದೆ. ಮೇಳಕರ್ತ ಪದ್ಧತಿ ಕಂಪ್ಯೂಟರಿಗೆ ಹೇಳಿ ಮಾಡಿಸಿದಂತಿದೆ. ರಿಷಭ ಗಾಂಧಾರದ ಆರು ಜೋಡಿಗಳನ್ನು ಕ್ರಮವಾಗಿ ಬರೆದುಕೊಳ್ಳಿ: 1 ಮತ್ತು 2, 1 ಮತ್ತು 3, 1 ಮತ್ತು 4, 2 ಮತ್ತು 3, 2 ಮತ್ತು 4, 3 ಮತ್ತು 4. ಇವಕ್ಕೆ ಏಳೇಳು ಕೂಡಿಸಿದರೆ ಧೈವತ ನಿಷಾದದ ಆರು ಜೋಡಿಗಳು: 8 ಮತ್ತು 9ರಿಂದ 10 ಮತ್ತು 11ರವರೆಗೆ. ಈಗ ಮೇಳದ ಸಂಖ್ಯೆಯಿಂದ ಒಂದು ಕಳೆಯಿರಿ. ಬಂದದ್ದು 36ಕ್ಕಿಂತ ಕಡಿಮೆಯಿದ್ದರೆ ಶುದ್ಧ ಮಧ್ಯಮ, ಅಂದರೆ 5. ಇಲ್ಲವಾದರೆ 36 ಕಳೆದು ಪ್ರತಿಮಧ್ಯಮ 6 ಹಾಕಿ. ಉಳಿದದ್ದನ್ನು 6ರಿಂದ ಭಾಗಿಸಿ. ಭಾಗಲಬ್ಧ ರಿಷಭ ಗಾಂಧಾರದ ಜೋಡಿಯನ್ನು ಹೇಳುತ್ತದೆ, ಶೇಷ ಧೈವತ ನಿಷಾದದ ಜೋಡಿಯನ್ನು ಹೇಳುತ್ತದೆ, ಎರಡನ್ನೂ 0ಯಿಂದ ಎಣಿಸಬೇಕು. 29 ಹಾಕಿ ನೋಡಿ: 28 ಬಂತು, ಭಾಗಲಬ್ಧ 4, ಶೇಷ 4. ಜೋಡಿಗಳು 2 ಮತ್ತು 4, 9 ಮತ್ತು 11. ಎಲ್ಲ ಮೇಳಗಳಲ್ಲೂ ಇರುವ ಷಡ್ಜ 0, ಪಂಚಮ 7 ಮತ್ತು ಮಧ್ಯಮವನ್ನು ಸೇರಿಸಿದರೆ 0, 2, 4, 5, 7, 9, 11. ಧೀರಶಂಕರಾಭರಣ, ಅದೇ ಮೇಜರ್ ಸ್ಕೇಲ್. 22 ಹಾಕಿದರೆ ಖರಹರಪ್ರಿಯ, ಪಾಶ್ಚಾತ್ಯರ ಡೋರಿಯನ್. 28 ಹರಿಕಾಂಭೋಜಿ, ಅವರ ಮಿಕ್ಸೊಲಿಡಿಯನ್. 20 ನಠಭೈರವಿ, ನ್ಯಾಚುರಲ್ ಮೈನರ್. 21 ಕೀರವಾಣಿ, ಹಾರ್ಮೋನಿಕ್ ಮೈನರ್. 65 ಮೇಚಕಲ್ಯಾಣಿ, ಲಿಡಿಯನ್. ಹೆಸರುಗಳ ಪಟ್ಟಿ ಬಿಟ್ಟರೆ ಇಡೀ ವ್ಯವಸ್ಥೆ ಹತ್ತು ಸಾಲಿನ ಕೋಡ್. ಇದನ್ನು ಮೊದಲ ಸಲ ಬರೆದು ಓಡಿಸಿದ ದಿನ ನನಗಾದ ಸಂತೋಷ ಇನ್ನೂ ನೆನಪಿದೆ. ಕಂಪ್ಯೂಟರ್ ಹುಟ್ಟುವುದಕ್ಕೆ ಎಷ್ಟೋ ಮುಂಚೆ ಯೋಚಿಸಿಟ್ಟ ಕ್ರಮ ಒಂದಕ್ಷರ ಬದಲಾಗದೆ ತೆರೆಯ ಮೇಲೆ ಬಂತು.

ಆದರೆ ಆ ಪುಟಕ್ಕೆ ‘ರಾಗಗಳು’ ಎಂದು ಹೆಸರಿಡಬೇಡಿ, ‘ಮೇಳಗಳು’ ಎಂದೇ ಇಡಿ. ರಾಗವೆಂದರೆ ಸ್ವರಗಳ ಪಟ್ಟಿಯಲ್ಲ. ತೋಡಿಯ ಗಾಂಧಾರ ಒಂದು ಫ್ರೆಟ್‌ನ ಮೇಲೆ ನಿಲ್ಲುವ ಸ್ವರವೇ ಅಲ್ಲ, ತೂಗುವುದರಲ್ಲೇ ಅದರ ಜೀವ. ಬೆಳಗುವ ಬಿಂದುವೊಂದು ಅದನ್ನು ಹೇಳಲಾರದು, ಹೇಳಿದಂತೆ ನಟಿಸಲೂಬಾರದು. ಮೇಳಗಳಿಂದ ಹುಟ್ಟಿದ ಜನ್ಯರಾಗಗಳನ್ನು ಸೇರಿಸುವ ಆಸೆಯಿದ್ದರೆ ಆರೋಹಕ್ಕೆ ಒಂದು ಪಟ್ಟಿ, ಅವರೋಹಕ್ಕೆ ಒಂದು ಪಟ್ಟಿ ಎಂದು ಮೊದಲೇ ಜಾಗ ಮಾಡಿಕೊಳ್ಳಿ. ಬಿಲಹರಿ ಏರುವಾಗ ಐದು ಸ್ವರ, ಇಳಿಯುವಾಗ ಏಳು. ಪಾಶ್ಚಾತ್ಯ ಮೆಲೋಡಿಕ್ ಮೈನರ್ ಕೂಡ ಶಾಸ್ತ್ರೀಯ ರೂಢಿಯಲ್ಲಿ ಏರುವಾಗ ಒಂದು, ಇಳಿಯುವಾಗ ಇನ್ನೊಂದು. ಆದ್ದರಿಂದ ಈ ಸೌಕರ್ಯ ಎರಡೂ ಕಡೆಗೆ ಬೇಕಾಗುತ್ತದೆ.

ಚಿತ್ರಿಸುವುದಕ್ಕೆ ಬ್ರೌಸರ್‌ನ ಎರಡು ದಾರಿಗಳಾದ ಎಸ್‌ವಿಜಿ, ಕ್ಯಾನ್ವಾಸ್‌ಗಳಲ್ಲಿ ಎಸ್‌ವಿಜಿ ಸಾಕು. ಕ್ಯಾನ್ವಾಸ್‌ನಲ್ಲಿ ಬರೆದರೆ ಯಾವ ಬಿಂದುವನ್ನು ಮುಟ್ಟಿದರು ಎಂಬುದನ್ನು ನೀವೇ ಲೆಕ್ಕ ಹಾಕಬೇಕು. ಎಸ್‌ವಿಜಿಯಲ್ಲಿ ಪ್ರತಿ ಬಿಂದುವೂ ತಾನೇ ಉತ್ತರ ಕೊಡುತ್ತದೆ, ಹಿಗ್ಗಿಸಿದರೂ ಮಸುಕಾಗುವುದಿಲ್ಲ. ಎಡಗೈಯವರಿಗಾಗಿ ಫಲಕವನ್ನು ಕನ್ನಡಿಯಂತೆ ತಿರುಗಿಸುವಾಗ ಇಡೀ ಚಿತ್ರವನ್ನು ತಿರುಗಿಸಿದರೆ ಅಕ್ಷರಗಳೂ ಹಿಂದುಮುಂದಾಗಿ ಕಾಣುತ್ತವೆ, ಬಿಂದುಗಳ ಸ್ಥಾನವನ್ನಷ್ಟೇ ಮರುಲೆಕ್ಕ ಮಾಡಿ. ದಪ್ಪ ತಂತಿ ಕೆಳಗಿರಬೇಕೋ ಮೇಲಿರಬೇಕೋ ಎಂಬ ಪ್ರಶ್ನೆಗೆ ನನ್ನ ಉತ್ತರ: ಮೊದಲು ಕೆಳಗೆ ಇಡಿ, ಟ್ಯಾಬ್ (ತಂತಿಗೆರೆಗಳ ಮೇಲೆ ಫ್ರೆಟ್ ಸಂಖ್ಯೆ ಬರೆಯುವ ಲಿಪಿ) ಬರೆಯುವ ರೂಢಿ ಹಾಗಿದೆ. ಆದರೆ ತಿರುಗಿಸುವ ಗುಂಡಿಯೊಂದಿರಲಿ, ತೊಡೆಯ ಮೇಲಿನ ವಾದ್ಯವನ್ನು ಬಗ್ಗಿ ನೋಡುವ ಹೊಸಬನಿಗೆ ದಪ್ಪ ತಂತಿ ಮೇಲೆಯೇ ಕಾಣುತ್ತದೆ. ರೂಟ್ ಸ್ವರವನ್ನು ಬಣ್ಣದಿಂದ ಮಾತ್ರ ಗುರುತಿಸಬೇಡಿ, ಚೌಕ ಮಾಡಿ. ಕೆಂಪು ಹಸಿರು ಬೇರೆ ಮಾಡಲಾಗದವರು ನಿಮ್ಮ ವಿದ್ಯಾರ್ಥಿಗಳಲ್ಲೂ ಇರಬಹುದು.

ಫ್ರೆಟ್‌ಗಳ ಅಂತರವನ್ನು ನಿಜವಾದ ವಾದ್ಯದಲ್ಲಿರುವಂತೆ ತೋರಿಸಬೇಕೇ? ಗಿಟಾರಿಗಾದರೆ ನಾನು ಇಷ್ಟು ಯೋಚಿಸುತ್ತಿರಲಿಲ್ಲ. ಬೇಸ್ ದೊಡ್ಡ ವಾದ್ಯ. 1951ರಲ್ಲಿ ಫೆಂಡರ್ ಪ್ರಿಸಿಶನ್ ಬೇಸ್ ಬಂದಾಗಿನಿಂದ 34 ಇಂಚಿನ ತಂತಿಯುದ್ದವೇ ರೂಢಿಯಾಗಿದೆ, ಅಂದರೆ 863.6 ಮಿಲಿಮೀಟರ್. ಮೊದಲ ಫ್ರೆಟ್‌ನ ಅಗಲ ಸುಮಾರು 48 ಮಿಲಿಮೀಟರ್, ಹನ್ನೆರಡನೆಯದು ಸುಮಾರು 26, ಇಪ್ಪತ್ತನಾಲ್ಕನೆಯದು 13ಕ್ಕೂ ಕಡಿಮೆ. ಮೊದಲನೆಯ ಫ್ರೆಟ್‌ನಿಂದ ನಾಲ್ಕನೆಯದಕ್ಕೆ ಬೆರಳು ಚಾಚಬೇಕಾದರೆ ಸುಮಾರು 13 ಸೆಂಟಿಮೀಟರ್ ಬೇಕು. ಒಂಬತ್ತರಿಂದ ಹನ್ನೆರಡಕ್ಕೆ ಸುಮಾರು 8 ಸೆಂಟಿಮೀಟರ್ ಸಾಕು. ನಾಲ್ಕು ಫ್ರೆಟ್‌ಗೆ ನಾಲ್ಕು ಬೆರಳು ಎಂಬ ಸೂತ್ರವನ್ನು ಮೇಲೆ ಹೇಳಿದೆನಲ್ಲ, ಸಣ್ಣ ಕೈಯ ಹುಡುಗನಿಗೆ ಅದು ಕೆಳಗಿನ ಫ್ರೆಟ್‌ಗಳಲ್ಲಿ ಕೈನೋವು ತರುತ್ತದೆ. ಅಲ್ಲಿ ಡಬಲ್ ಬೇಸಿನವರ ಕ್ರಮ ಒಳ್ಳೆಯದು, ಮೂರು ಫ್ರೆಟ್‌ಗಳಿಗೆ ತೋರುಬೆರಳು, ನಡುಬೆರಳು, ಕಿರುಬೆರಳು. ಎಲ್ಲ ಫ್ರೆಟ್‌ಗಳನ್ನೂ ಸಮಾನವಾಗಿ ಎಳೆದ ಚಿತ್ರ ಈ ಕಷ್ಟವನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ನಿಜವಾದ ಅಂತರವನ್ನೇ ಎಳೆಯಿರಿ. ಸೂತ್ರ ಸುಲಭ: ಉಳಿದ ತಂತಿಯ ಉದ್ದವನ್ನು ಪ್ರತಿ ಫ್ರೆಟ್‌ಗೂ 2ರ ಹನ್ನೆರಡನೆಯ ಮೂಲದಿಂದ, ಅಂದರೆ 1.05946ರಿಂದ, ಭಾಗಿಸುತ್ತ ಹೋಗಿ. ಹನ್ನೆರಡನೆಯ ಫ್ರೆಟ್ ಸರಿಯಾಗಿ ನಡುಮಧ್ಯಕ್ಕೆ ಬಂದರೆ ಲೆಕ್ಕ ಸರಿ. ಮೊಬೈಲಿನಲ್ಲಿ ಇಪ್ಪತ್ತು ಫ್ರೆಟ್‌ಗಳನ್ನು ತುರುಕಬೇಡಿ. ಒಮ್ಮೆಗೆ ಐದಾರು ಫ್ರೆಟ್ ತೋರಿಸಿ, ಬೆರಳಿನಿಂದ ಸರಿಸಿಕೊಳ್ಳಲಿ.

ಈಗ ಮುಚ್ಚಿಡುವ ವಿಷಯ. ನಾನು ಮೊದಲು ಕಟ್ಟಿದ್ದೂ ನೀವು ಬಯಸುತ್ತಿರುವಂಥದ್ದೇ. ಸ್ಕೇಲ್ ಆರಿಸಿದರೆ ಫಲಕದ ತುಂಬ ಬಿಂದುಗಳು ಬೆಳಗುತ್ತಿದ್ದವು. ನನ್ನಲ್ಲಿ ಕಲಿಯುತ್ತಿದ್ದ ಹುಡುಗಿಯೊಬ್ಬಳು ಅದನ್ನು ನೋಡಿಕೊಂಡು ಎರಡು ವಾರದಲ್ಲಿ ಯಾವ ಸ್ಕೇಲ್ ಕೇಳಿದರೂ ನುಡಿಸುತ್ತಿದ್ದಳು. ಒಂದು ದಿನ ವಿದ್ಯುತ್ ಹೋಯಿತು. ಲ್ಯಾಪ್‌ಟಾಪ್ ಆರಿತು. ಇ ತಂತಿಯ ಏಳನೆಯ ಫ್ರೆಟ್ ಯಾವ ಸ್ವರ ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಎರಡು ವಾರ ಅವಳು ತೆರೆಯನ್ನು ಓದುತ್ತಿದ್ದಳೇ ಹೊರತು ಫ್ರೆಟ್‌ಬೋರ್ಡನ್ನು ಕಲಿಯುತ್ತಿರಲಿಲ್ಲ. ತಪ್ಪು ಅವಳದಲ್ಲ. ಉತ್ತರ ಕಣ್ಣೆದುರು ಇರುವಾಗ ನೆನಪಿಗೆ ಏಕೆ ಕೈಹಾಕಬೇಕು? ಮರುದಿನವೇ ಆ ಸಾಧನವನ್ನು ಬಿಚ್ಚಿ ಮತ್ತೆ ಕಟ್ಟಲು ಕುಳಿತೆ.

ಹೊಸದರಲ್ಲಿ ತೆರೆದಾಗ ಫಲಕ ಖಾಲಿ. ಮೂರು, ಐದು, ಏಳು, ಒಂಬತ್ತರ ಚುಕ್ಕೆಗಳು, ಹನ್ನೆರಡರ ಜೋಡಿಚುಕ್ಕೆ, ಇಷ್ಟೇ. ಅದು ಕೇಳುತ್ತದೆ: ಸಿ ಸ್ವರ ಎಲ್ಲೆಲ್ಲಿದೆ, ಮುಟ್ಟು. ಇಪ್ಪತ್ತು ಫ್ರೆಟ್‌ನ ಬೇಸಿನಲ್ಲಿ ಏಳು ಜಾಗದಲ್ಲಿದೆ: ಇ ತಂತಿಯಲ್ಲಿ 8 ಮತ್ತು 20, ಎ ತಂತಿಯಲ್ಲಿ 3 ಮತ್ತು 15, ಡಿ ತಂತಿಯಲ್ಲಿ 10, ಜಿ ತಂತಿಯಲ್ಲಿ 5 ಮತ್ತು 17. ಏಳನ್ನೂ ಹುಡುಕುವವರೆಗೆ ಮುಂದಕ್ಕೆ ಹೋಗುವುದಿಲ್ಲ. ಮೊದಲ ದಿನ ಎರಡು ನಿಮಿಷ ಹಿಡಿಯುತ್ತದೆ. ಹುಡುಕುತ್ತ ಹುಡುಕುತ್ತ ಹುಡುಗರೇ ಒಂದು ಕಂಡುಕೊಳ್ಳುತ್ತಾರೆ: ಎರಡು ತಂತಿ ದಾಟಿ ಎರಡು ಫ್ರೆಟ್ ಮುಂದೆ ಹೋದರೆ ಅದೇ ಸ್ವರ, ಒಂದು ಸ್ಥಾಯಿ ಮೇಲೆ. ನೀವು ಮೊದಲೇ ಹೇಳಿಕೊಟ್ಟಿದ್ದರೆ ಅದು ನಿಮ್ಮ ಮಾತಾಗಿ ಉಳಿಯುತ್ತಿತ್ತು. ತಾವೇ ಕಂಡುಕೊಂಡದ್ದನ್ನು ಅವರು ಮರೆಯುವುದಿಲ್ಲ.

ಆಮೇಲೆ ಸ್ಕೇಲ್. ರೂಟ್ ಒಂದನ್ನು ಚೌಕದಲ್ಲಿ ತೋರಿಸಿ, ಉಳಿದ ಸ್ವರಗಳನ್ನು ಅವರೇ ತುಂಬಲಿ. ಅಥವಾ ಸ್ಕೇಲ್ ಪೂರ್ತಿ ತೋರಿಸಿ ಮೂರನೆಯ ಸ್ವರವನ್ನಷ್ಟೇ ಕಿತ್ತುಹಾಕಿ, ಅದೆಲ್ಲಿ ಎಂದು ಕೇಳಿ. ರೂಟ್, ಮೂರನೆಯದು, ಐದನೆಯದು, ಏಳನೆಯದು, ಇವನ್ನು ಪದೇಪದೇ ಕೇಳಿಸಿ. ಬೇಸ್ ನುಡಿಸುವವನ ಮುಖ್ಯ ಕೆಲಸ ಹಾಡಿನ ಕಾರ್ಡ್‌ಗೆ (ಒಟ್ಟಿಗೆ ಮೊಳಗುವ ಸ್ವರಗುಚ್ಛಕ್ಕೆ) ತಳಪಾಯ ಹಾಕುವುದು, ಸ್ಕೇಲನ್ನು ಮೇಲೆ ಕೆಳಗೆ ಓಡಿಸುವುದಲ್ಲ. ಪ್ರತಿ ಬಿಂದುವಿಗೂ ಎಷ್ಟು ಸಲ ಸರಿ, ಎಷ್ಟು ಸಲ ತಪ್ಪು ಎಂದು ಬ್ರೌಸರ್‌ನಲ್ಲೇ ಬರೆದಿಟ್ಟುಕೊಳ್ಳಿ. ತಪ್ಪಿದ್ದನ್ನು ಬೇಗ ಮತ್ತೆ ಕೇಳಿ, ಸರಿಯಾದದ್ದನ್ನು ತಡವಾಗಿ ಕೇಳಿ. ಇದಕ್ಕೆ ಸರ್ವರ್ ಬೇಡ, ಲಾಗಿನ್ ಬೇಡ.

ಅಭ್ಯಾಸದ ಕ್ರಮಗಳನ್ನು ಹೊಸದಾಗಿ ಹುಡುಕಬೇಕಾಗಿಯೂ ಇಲ್ಲ. ಸರಳೆವರಸೆ, ಜಂಟಿವರಸೆ, ದಾಟುವರಸೆಗಳ ಹಿಂದಿನ ಯೋಚನೆ ಬೇಸಿಗೂ ಸಲ್ಲುತ್ತದೆ. ಸ್ಕೇಲಿನ ಸ್ವರಗಳನ್ನು ಸಾಲಾಗಿ ನುಡಿಸುವುದು, ಒಂದೊಂದನ್ನು ಎರಡೆರಡು ಸಲ ನುಡಿಸುವುದು, ಒಂದನ್ನು ಬಿಟ್ಟು ಮುಂದಿನದನ್ನು ಹಿಡಿಯುವುದು. ನಿಮ್ಮ ಪಟ್ಟಿಯಲ್ಲಿ ಸ್ವರಗಳಿಗೆ ಕ್ರಮಸಂಖ್ಯೆ ಇರುವುದರಿಂದ ‘ಸ ಗ, ರಿ ಮ, ಗ ಪ’ ಎಂಬ ಸಾಲು ಬರಿಸಲು ಎರಡು ಕೂಡಿಸಿದರಾಯಿತು. ಕರ್ನಾಟಕ ಸಂಗೀತ ಬಲ್ಲ ಹುಡುಗ ಅದನ್ನು ಹಾಡಿಕೊಂಡೇ ನುಡಿಸಲಿ. ಮತ್ತೊಬ್ಬ ಅವನನ್ನು ಕೇಳಿ ಕಲಿಯುತ್ತಾನೆ.

ಧ್ವನಿಯ ತೊಂದರೆ ನಿಮ್ಮ ಕೋಡಿನದಲ್ಲ. ಬಿಟ್ಟ ಇ ತಂತಿಯ ಕಂಪನ ಸೆಕೆಂಡಿಗೆ 41.2. ಮೊಬೈಲಿನ ಪುಟ್ಟ ಸ್ಪೀಕರ್ ಅಷ್ಟು ಕೆಳಗಿನ ಧ್ವನಿಯನ್ನು ಹೊರಡಿಸಲಾರದು. ನೀವು ಬಹುಶಃ ಸೈನ್ ಅಲೆ ಬಳಸಿದ್ದೀರಿ, ಅದರಲ್ಲಿ ಆ ಒಂದೇ ಕಂಪನವಿರುತ್ತದೆ. ನಿಜವಾದ ತಂತಿಯಲ್ಲಿ 82, 124, 165 ಎಂದು ಮೇಲಿನ ಅನುಸ್ವರಗಳೂ ಮೊಳಗುತ್ತವೆ. ಅವು ಕಿವಿಗೆ ಬಿದ್ದರೆ ಸಾಕು, ಕೇಳಿಸದ ಮೂಲಸ್ವರವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಆದ್ದರಿಂದ ಅನುಸ್ವರಗಳು ತುಂಬಿದ ನಾದ ಬೇಕು. ಕಾರ್ಪ್ಲಸ್ ಮತ್ತು ಸ್ಟ್ರಾಂಗ್ ಎಂಬಿಬ್ಬರು 1983ರಲ್ಲಿ ಪ್ರಕಟಿಸಿದ ವಿಧಾನ ಇದಕ್ಕೆ ಬಹಳ ಹೊಂದುತ್ತದೆ. ಒಂದು ಕಂಪನದ ಉದ್ದಕ್ಕೆ ಸರಿಯಾಗಿ ಯಾದೃಚ್ಛಿಕ ಸಂಖ್ಯೆಗಳನ್ನು ತುಂಬಿ. ಅದನ್ನೇ ಸುತ್ತಿ ಸುತ್ತಿ ಓದಿ. ಪ್ರತಿ ಸುತ್ತಿನಲ್ಲೂ ಅಕ್ಕಪಕ್ಕದ ಎರಡರ ಸರಾಸರಿಯನ್ನು ಹಿಂದಕ್ಕೆ ಬರೆಯಿರಿ. ತೀಕ್ಷ್ಣವಾದ ಅನುಸ್ವರಗಳು ಬೇಗ ಆರಿ, ಮೀಟಿದ ತಂತಿಯಂತೆಯೇ ಕೇಳುತ್ತದೆ.

ಇದನ್ನು ಬ್ರೌಸರ್‌ನ ಧ್ವನಿ ಸೌಲಭ್ಯವಾದ ವೆಬ್ ಆಡಿಯೊದ ವಿಳಂಬ ನೋಡ್‌ಗಳನ್ನು ಸುತ್ತಾಗಿ ಜೋಡಿಸಿ ಮಾಡಲು ಹೋಗಬೇಡಿ. ಅಂಥ ಸುತ್ತಿನಲ್ಲಿ ವಿಳಂಬ 128 ಸ್ಯಾಂಪಲ್‌ಗಿಂತ (ಧ್ವನಿಯ ಬಿಡಿ ಅಳತೆಗಳಿಗಿಂತ) ಕಡಿಮೆ ಆಗಲಾರದು. ಸೆಕೆಂಡಿಗೆ 44100 ಸ್ಯಾಂಪಲ್‌ನ ಲೆಕ್ಕದಲ್ಲಿ 344 ಹರ್ಟ್ಸ್‌ಗಿಂತ ಮೇಲಿನ ಸ್ವರ ಬರುವುದಿಲ್ಲ. ಜಿ ತಂತಿಯ 21ನೆಯ ಫ್ರೆಟ್‌ವರೆಗೆ ಎಲ್ಲ ಸರಿಯಿದ್ದು, 22ರಿಂದ ಅಪಸ್ವರ ಶುರುವಾಗುತ್ತದೆ. ನಾದವನ್ನು ಮೊದಲೇ ಲೆಕ್ಕ ಹಾಕಿ ಬಫರ್‌ನಲ್ಲಿ ತುಂಬಿಟ್ಟುಕೊಳ್ಳಿ, ಈ ತೊಡಕೇ ಇರುವುದಿಲ್ಲ. ಇನ್ನು, ಬಳಕೆದಾರ ಒಮ್ಮೆ ಮುಟ್ಟುವವರೆಗೆ ಬ್ರೌಸರ್‌ಗಳು ಧ್ವನಿಯನ್ನು ತಡೆಹಿಡಿಯುತ್ತವೆ. ಆದ್ದರಿಂದ ‘ಶುರುಮಾಡು’ ಗುಂಡಿಯೊಂದನ್ನಿಟ್ಟು, ಧ್ವನಿಯನ್ನು ಅಲ್ಲಿಂದಲೇ ಎಬ್ಬಿಸಿ. ತಾಳಕ್ಕೆ ಮೆಟ್ರೊನೋಮ್ ಸೇರಿಸುವುದಾದರೆ ಸಾಮಾನ್ಯ ಟೈಮರ್‌ಗಳನ್ನು ನಂಬಬೇಡಿ, ಅವು ಆಚೀಚೆ ಓಲಾಡುತ್ತವೆ. ಆಡಿಯೊ ಗಡಿಯಾರವನ್ನೇ ನೋಡಿ ಮುಂದಿನ ಕೆಲವು ಪೆಟ್ಟುಗಳನ್ನು ಮೊದಲೇ ಗೊತ್ತುಮಾಡಿಡಿ.

ಕೊನೆಯದು ಮೈಕ್. ಮಾಡಬಹುದು, ಆದರೆ ಬೇಸ್‌ನ ಕೆಳಸ್ವರ ಹಿಡಿಯುವುದು ಸುಲಭವಲ್ಲ. ಬ್ರೌಸರ್ ಕೊಡುವ ವಿಶ್ಲೇಷಕ ಸಾಮಾನ್ಯವಾಗಿ 2048 ಸ್ಯಾಂಪಲ್‌ಗಳನ್ನು ನೋಡುತ್ತದೆ. ಅದರ ಆವರ್ತನ ಚಿತ್ರದಲ್ಲಿ ಎರಡು ಗೆರೆಗಳ ನಡುವೆ ಸುಮಾರು 21.5 ಹರ್ಟ್ಸ್ ಅಂತರ. ಇ ತಂತಿಯ ಬಿಟ್ಟ ಸ್ವರಕ್ಕೂ ಮೊದಲ ಫ್ರೆಟ್‌ಗೂ ಇರುವ ವ್ಯತ್ಯಾಸ ಎರಡೂವರೆ ಹರ್ಟ್ಸ್‌ಗೂ ಕಡಿಮೆ. ಅಲ್ಲಿ ಎರಡೂ ಒಂದೇ ಗೆರೆಯಲ್ಲಿ ಕಲಸಿಹೋಗುತ್ತವೆ. ಅಲೆಯನ್ನು ಅದರದೇ ಸರಿಸಿದ ಪ್ರತಿಯೊಂದಿಗೆ ಹೋಲಿಸುವ ಆಟೊಕೋರಿಲೇಶನ್ ವಿಧಾನ ಬಳಸಿ. ಅದಕ್ಕೂ ಕನಿಷ್ಠ ಎರಡು ಪೂರ್ತಿ ಕಂಪನ ಬೇಕು, ಇ ತಂತಿಗೆ ಅದು 48 ಮಿಲಿಸೆಕೆಂಡ್ ದಾಟುತ್ತದೆ, 2048 ಸ್ಯಾಂಪಲ್ 46ಕ್ಕೇ ಮುಗಿಯುತ್ತದೆ. ಆದ್ದರಿಂದ 4096 ಇಡಿ. ಮೈಕ್ ತೆರೆಯುವಾಗ ಪ್ರತಿಧ್ವನಿ ತಡೆ, ಗದ್ದಲ ತಡೆ ಎರಡನ್ನೂ ನಿಲ್ಲಿಸಿಬಿಡಿ. ಅವು ಮಾತಿಗಾಗಿ ಇರುವಂಥವು, ದೀರ್ಘವಾದ ಬೇಸ್ ಸ್ವರವನ್ನು ಫ್ಯಾನಿನ ಸದ್ದೆಂದು ಭಾವಿಸಿ ಅಳಿಸಬಹುದು. ಮೂಲಸ್ವರದ ಇಮ್ಮಡಿ ಕಂಪನದ ಅನುಸ್ವರ ಜೋರಾಗಿದ್ದಾಗ ಒಂದು ಸ್ಥಾಯಿ ಮೇಲಿನ ಸ್ವರ ಎಂದು ತಪ್ಪು ಓದುವುದೂ ಉಂಟು. ಸ್ಕೇಲ್ ಅಭ್ಯಾಸಕ್ಕೆ ಸ್ಥಾಯಿಯನ್ನು ಕಡೆಗಣಿಸಿ ಸ್ವರವನ್ನಷ್ಟೇ ತಾಳೆ ನೋಡಿದರೆ ಸಾಕು.

ಇಷ್ಟೆಲ್ಲ ಮಾಡಿದ ಮೇಲೂ ಮೈಕಿಗೆ ಒಂದು ವಿಷಯ ಗೊತ್ತಾಗುವುದಿಲ್ಲ. 48 ಎಂಬ ಸಿ ಸ್ವರ ಜಿ ತಂತಿಯ 5ರಲ್ಲಿದೆ, ಡಿ ತಂತಿಯ 10ರಲ್ಲಿದೆ, ಎ ತಂತಿಯ 15ರಲ್ಲಿದೆ, ಇ ತಂತಿಯ 20ರಲ್ಲಿದೆ. ನಾಲ್ಕೂ ಒಂದೇ ಸ್ವರ, ಒಂದೇ ಸ್ಥಾಯಿ. ಹುಡುಗ ಐದನೆಯ ಫ್ರೆಟ್‌ನಲ್ಲಿ ಆಕಾರದೊಳಗೇ ಸಿಗುತ್ತಿದ್ದ ಸ್ವರಕ್ಕಾಗಿ ಹದಿನೈದಕ್ಕೆ ಕೈ ಹಾರಿಸಿದರೂ ತೆರೆಯ ಮೇಲೆ ‘ಸರಿ’ ಎಂದೇ ಬರುತ್ತದೆ. ಆದ್ದರಿಂದ ಮುಟ್ಟಿ ಉತ್ತರಿಸುವ ಭಾಗವನ್ನು ಮೊದಲು ಮುಗಿಸಿ ಹುಡುಗರ ಕೈಗೆ ಕೊಡಿ. ಮೈಕಿನದು ಎರಡು ಮೂರು ತಿಂಗಳ ಮೇಲೆ ಬರಲಿ. ಅದು ಬಂದ ಮೇಲೂ ಪಾಠದ ಹೊತ್ತಿನಲ್ಲಿ ಅವರ ಎಡಗೈ ಕಾಣುವ ಕಡೆಗೇ ನೀವು ಕುಳಿತುಕೊಳ್ಳಿ.